ಮನೆ ಖಾಲಿ ಮಾಡಿ ಅಂದರೆ ಯಾವ ಬಾಗಿಲು ತಟ್ಟಬೇಕು: ಕರ್ನಾಟಕದವರಿಗೆ ಒಂದು ಕೈಪಿಡಿ

ಓನರ್ "ಮುಂದಿನ ತಿಂಗಳು ಮನೆ ಖಾಲಿ ಮಾಡಿಬಿಡಿ" ಅಂದ ಕೂಡಲೇ ಹೆಚ್ಚಿನವರು ಮೊಬೈಲ್ ತೆಗೆದು ಸರ್ಕಾರಿ ವಸತಿ ಯೋಜನೆ ಹುಡುಕುತ್ತಾರೆ. ಸೈಬರ್ ಸೆಂಟರ್‌ಗೆ ಹೋಗಿ ಒಂದು ಅರ್ಜಿ ಹಾಕಿಸುತ್ತಾರೆ. ಆಮೇಲೆ ಏನೋ ಆಗುತ್ತದೆ ಅಂತ ಕಾಯುತ್ತಾರೆ. ಅರ್ಜಿ ಹಾಕಿ, ಬೇಡ ಅನ್ನುತ್ತಿಲ್ಲ. ಆದರೆ ಆ ಮನೆ ಬರುವುದು ವರ್ಷಗಳ ಲೆಕ್ಕದಲ್ಲಿ, ನಿಮ್ಮ ಕೈಲಿರುವುದು ಒಂದು ತಿಂಗಳು. ಕೆಲವರಿಗೆ ಒಂದು ರಾತ್ರಿ ಅಷ್ಟೇ.

ನಮ್ಮಲ್ಲಿ ಸಹಾಯ ಇಲ್ಲವೇ ಇಲ್ಲ ಅಂತೇನಿಲ್ಲ. ಆದರೆ ಅದು ಬೇರೆ ಬೇರೆ ಇಲಾಖೆಯಲ್ಲಿ ಚೂರುಚೂರಾಗಿ ಬಿದ್ದಿದೆ, ಒಂದು ಟೇಬಲ್‌ನವರಿಗೆ ಪಕ್ಕದ ಟೇಬಲ್‌ನಲ್ಲಿ ಏನಿದೆ ಅಂತ ಗೊತ್ತಿರುವುದಿಲ್ಲ. ಅದಕ್ಕೇ ಮೊದಲು ನಿಮಗೆ ಎಷ್ಟು ಸಮಯ ಇದೆ ಅಂತ ನೋಡಿಕೊಳ್ಳಿ. ಇವತ್ತು ರಾತ್ರಿಗೆ ಜಾಗ ಬೇಕಾ, ಇರುವ ಮನೆಯನ್ನೇ ಇನ್ನೆರಡು ತಿಂಗಳು ಉಳಿಸಿಕೊಳ್ಳಬೇಕಾ, ಸ್ವಂತ ಸೂರು ಬೇಕಾ? ಮೂರಕ್ಕೂ ಬಾಗಿಲು ಬೇರೆ.

ಮೊದಲು ಕೀ ಕೊಡಬೇಡಿ

ಬಾಯಿ ಮಾತಲ್ಲಿ ಖಾಲಿ ಮಾಡಿ ಅಂದರೆ ಕಾನೂನಿನ ಲೆಕ್ಕದಲ್ಲಿ ಇನ್ನೂ ಏನೂ ಆಗಿಲ್ಲ. ತಿಂಗಳು ತಿಂಗಳು ಬಾಡಿಗೆ ಕೊಡುವ ಮನೆಯಾದರೆ, ಕರಾರಿನಲ್ಲಿ ಬೇರೆ ಅವಧಿ ಬರೆದಿಲ್ಲದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ಲಿಖಿತ ನೋಟಿಸ್ ಬೇಕು. ಆ 15 ದಿನ ಮುಗಿದ ಮೇಲೂ ನೀವು ಹೋಗದಿದ್ದರೆ ಓನರ್ ಕೋರ್ಟಿಗೆ ಹೋಗಬೇಕು, ಅಲ್ಲಿಂದ ಆದೇಶ ತರಬೇಕು. ಬಾಗಿಲಿಗೆ ಇನ್ನೊಂದು ಬೀಗ ಜಡಿಯುವುದು, ಸಾಮಾನು ಬೀದಿಗೆ ಹಾಕುವುದು, ನೀರಿನ ವಾಲ್ವ್ ತಿರುಗಿಸುವುದು, ಫ್ಯೂಸ್ ಕೀಳುವುದು, ಇದ್ಯಾವುದಕ್ಕೂ ಅವರಿಗೆ ಅಧಿಕಾರ ಇಲ್ಲ.

"ಕರ್ನಾಟಕಕ್ಕೆ ಬಾಡಿಗೆ ಕಾಯ್ದೆ ಇದೆಯಲ್ಲ" ಅಂತ ಯಾರಾದರೂ ಹೇಳುತ್ತಾರೆ. ಇದೆ, 1999ರ ಕಾಯ್ದೆ. ಆದರೆ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ಬಾಡಿಗೆಗೆ ಅದು ಅನ್ವಯವಾಗುವುದಿಲ್ಲ. ಈಗ ಆ ಬಾಡಿಗೆಗೆ ಮನೆ ಎಲ್ಲಿ ಸಿಗುತ್ತದೆ ಹೇಳಿ. ಹಾಗಾಗಿ ಹೆಚ್ಚಿನವರ ಪಾಲಿಗೆ ಇರುವುದು ಆ ಹಳೇ 1882ರ ಕಾಯ್ದೆ, ಮತ್ತೆ ನಿಮ್ಮ ಕೈಲಿರುವ 11 ತಿಂಗಳ ಕರಾರು ಪತ್ರ. ಪಿಜಿಯಲ್ಲಿ ಇರುವವರಿಗೆ ಇಷ್ಟೂ ಗಟ್ಟಿ ನೆಲ ಇಲ್ಲ, ಅಲ್ಲಿ ನಿಮ್ಮನ್ನು ಸಾಮಾನ್ಯವಾಗಿ ಬಾಡಿಗೆದಾರ ಅಂತ ನೋಡುವುದಿಲ್ಲ, ತಂಗಲು ಅನುಮತಿ ಪಡೆದವರು ಅಂತ ನೋಡುತ್ತಾರೆ.

ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಬೀಗ ಬದಲಾಯಿಸಿಬಿಟ್ಟರೆ? ಜಗಳಕ್ಕೆ ಇಳಿಯಬೇಡಿ. ಬೀಗದ, ಹೊರಗೆ ಬಿದ್ದ ಸಾಮಾನಿನ ವಿಡಿಯೋ ಮಾಡಿ, 112ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಡಿ. "ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗಿ" ಅಂತ ಅವರು ಹೇಳುವ ಸಾಧ್ಯತೆ ಜಾಸ್ತಿ. ಆಯ್ತು ಸಾರ್, ದೂರು ತಗೊಂಡಿದ್ದಕ್ಕೆ ಎನ್‌ಸಿಆರ್ ಆದರೂ ಕೊಡಿ ಅಂತ ಕೇಳಿ. ಎಫ್‌ಐಆರ್ ಆಗದ ದೂರಿಗೆ ಠಾಣೆ ಕೊಡುವ ಸ್ವೀಕೃತಿ ಅದು. ಆ ಒಂದು ಹಾಳೆ, ಯಾವ ದಿನ ನಿಮ್ಮನ್ನು ಹೊರಗೆ ಹಾಕಿದರು ಅನ್ನುವುದಕ್ಕೆ ಸಾಕ್ಷಿ. ಯಾಕೆ ಮುಖ್ಯ ಅಂದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ನಿನಲ್ಲಿ, ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿಸಿಕೊಂಡವರು ಮತ್ತೆ ಒಳಗೆ ಬಿಡಿಸಿಕೊಡಿ ಅಂತ ದಾವೆ ಹಾಕಬಹುದು. ಮನೆ ಯಾರದ್ದು ಅನ್ನುವ ಪ್ರಶ್ನೆ ಅಲ್ಲಿ ಬರುವುದಿಲ್ಲ. ಆದರೆ 6 ತಿಂಗಳ ಒಳಗೆ ಹಾಕಬೇಕು.

ಬಾಡಿಗೆ ಬಾಕಿ ಇದ್ದರೆ ಪೂರ್ತಿ ಆಗಲಿ ಅಂತ ಕಾಯಬೇಡಿ. ಇದ್ದಷ್ಟು ಹಾಕಿ, ಕ್ಯಾಶ್ ಬೇಡ, ಫೋನ್‌ಪೇ ಗೂಗಲ್‌ಪೇ ಯಾವುದಾದರೂ ಸರಿ, ಅಲ್ಲಿ ನೋಟ್ ಬರೆಯುವ ಸಣ್ಣ ಜಾಗದಲ್ಲಿ "ಜುಲೈ ಬಾಡಿಗೆ, ಭಾಗಶಃ" ಅಂತ ಬರೆದು ಹಾಕಿ. ಆಮೇಲೆ ವಾಟ್ಸಾಪಲ್ಲಿ ಒಂದು ಮೆಸೇಜ್. ಹೀಗೆ ಬರೆದರೆ ಸಾಕು:

"ಅಂಕಲ್, ಜುಲೈ ಬಾಡಿಗೆ ಬಾಕಿ ಇದೆ, ನಂಗೂ ಗೊತ್ತು. ಇವತ್ತು 3,000 ಹಾಕಿದ್ದೀನಿ, ಉಳಿದಿದ್ದು 15ನೇ ತಾರೀಖಿನೊಳಗೆ ಹಾಕ್ತೀನಿ. ಖಾಲಿ ಮಾಡಲೇಬೇಕು ಅಂದ್ರೆ ಅಡ್ವಾನ್ಸ್ ಯಾವತ್ತು ವಾಪಸ್ ಕೊಡ್ತೀರಿ ಅಂತ ತಿಳಿಸಿ. ಅದು ಬರದೆ ಇನ್ನೊಂದು ಮನೆಗೆ ಅಡ್ವಾನ್ಸ್ ಕೊಡೋಕೆ ನನ್ನ ಹತ್ರ ದಾರಿ ಇಲ್ಲ."

ಸಿಟ್ಟಿಲ್ಲ, ಬೇಡಿಕೊಳ್ಳುವುದೂ ಇಲ್ಲ. ನೀವು ಬಾಡಿಗೆದಾರರು, ಬಾಡಿಗೆ ಕೊಡುತ್ತಿದ್ದೀರಿ, ಅವರ ಹತ್ತಿರ ನಿಮ್ಮ ಅಡ್ವಾನ್ಸ್ ಇದೆ, ಈ ಮೂರೂ ಆ ನಾಲ್ಕು ಸಾಲಿನಲ್ಲಿ ದಾಖಲಾಗಿಬಿಡುತ್ತದೆ. ಓನರ್ "ಅಡ್ವಾನ್ಸಲ್ಲಿ ಹಿಡ್ಕೋತೀನಿ" ಅಂದರೆ ಅದನ್ನೂ ಮೆಸೇಜಲ್ಲೇ ಹೇಳಿಸಿ.

ದುಡ್ಡು ಕೊಡದೆ ವಕೀಲರು

ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ. 1987ರ ಕಾಯ್ದೆಯಲ್ಲಿ ಹುಟ್ಟಿದ್ದು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಪ್ರವಾಹದಂಥ ವಿಪತ್ತಿಗೆ ಸಿಕ್ಕಿದವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಪುಕ್ಕಟೆ. ಉಳಿದವರಿಗೆ ಆದಾಯದ ಮಿತಿ ಇದೆ. ಫೋನ್ ನಂಬರ್ 15100.

ತುಂಬ ಜನ ಇಲ್ಲಿಗೆ ಹೋಗುವುದೇ ಇಲ್ಲ. ಕೋರ್ಟು ಅಂದರೆ ಕೇಸು, ಕೇಸು ಅಂದರೆ ವರ್ಷಗಟ್ಟಲೆ ಅಂತ ಹೆದರುತ್ತಾರೆ. ಆದರೆ ಇಲ್ಲಿ ಕೇಸು ಹಾಕುವ ಮೊದಲೇ ಇಬ್ಬರನ್ನೂ ಕರೆದು ಕೂರಿಸಿ ಮಾತಾಡಿಸುವ ವ್ಯವಸ್ಥೆ ಇದೆ. ನನ್ನ ಕೇಳಿದರೆ ಅಡ್ವಾನ್ಸ್ ತಗಾದೆಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಪ್ರಾಧಿಕಾರದಿಂದ ಒಂದು ನೋಟಿಸ್ ಮನೆಗೆ ಬಂತು ಅಂದರೆ, ಆರು ತಿಂಗಳಿಂದ ಫೋನ್ ಎತ್ತದ ಓನರ್ ಕೂಡ ಫೋನ್ ಎತ್ತುತ್ತಾರೆ. ಕರಾರು ಪತ್ರ, ಬಾಡಿಗೆ ಕಟ್ಟಿದ ಸ್ಕ್ರೀನ್‌ಶಾಟ್, ಆಧಾರ್ ಜೆರಾಕ್ಸ್, ಏನಾಯಿತು ಅಂತ ಒಂದು ಪುಟ ಕನ್ನಡದಲ್ಲಿ ಬರೆದುಕೊಂಡು ಹೋಗಿ. ಇಂಗ್ಲಿಷ್ ಬೇಕಿಲ್ಲ.

ಲೀಸಿಗೆ ಹಾಕಿಕೊಂಡವರು ಇದನ್ನು ಓದಿ

ಬೆಂಗಳೂರಲ್ಲಿ ಲೀಸ್ ಅನ್ನುತ್ತಾರಲ್ಲ, ಒಟ್ಟಿಗೆ ಲಕ್ಷಾಂತರ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಅದರಲ್ಲಿ ಮನೆ ಕಳೆದುಕೊಳ್ಳುವ ರೀತಿಯೇ ಬೇರೆ. ಓನರ್ ಆ ಮನೆ ಮೇಲೆ ಬ್ಯಾಂಕ್ ಸಾಲ ಮಾಡಿರುತ್ತಾರೆ, ಕಂತು ಕಟ್ಟುವುದು ನಿಲ್ಲಿಸುತ್ತಾರೆ, ಒಂದು ದಿನ ಬ್ಯಾಂಕಿನವರು ಬಂದು ಗೋಡೆಗೆ ನೋಟಿಸ್ ಅಂಟಿಸುತ್ತಾರೆ. ಅಲ್ಲಿಯವರೆಗೆ ನಿಮಗೆ ಸುದ್ದಿಯೇ ಇರುವುದಿಲ್ಲ. ದುಡ್ಡೂ ಹೋಯಿತು, ಮನೆಯೂ ಹೋಯಿತು.

ಆ ನೋಟಿಸ್ ಕಂಡ ದಿನವೇ ಫೋಟೋ ತೆಗೆಯಿರಿ. ಸಾಲ ವಸೂಲಿಗೆ ಬ್ಯಾಂಕ್ ಆಸ್ತಿ ಹಿಡಿಯಲು ಬಿಡುವ ಸರ್ಫೇಸಿ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ, ಬ್ಯಾಂಕ್ ಸ್ವಾಧೀನಕ್ಕೆ ಕೈ ಹಾಕಿದ ಮೇಲೆ 45 ದಿನದ ಒಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಬಾಡಿಗೆದಾರರು, ಲೀಸ್‌ದಾರರು ಕೂಡ ಅಲ್ಲಿ ತಮ್ಮ ಹಕ್ಕು ಹೇಳಿಕೊಳ್ಳಬಹುದು. ಆದರೆ ನಿಮ್ಮ ಪತ್ರ ನೋಂದಣಿ ಆಗಿಲ್ಲ, ಅಥವಾ ಓನರ್ ಸಾಲ ಮಾಡಿದ ಮೇಲೆ ನೀವು ಬಂದಿದ್ದೀರಿ ಅಂದರೆ ಕೇಸು ತೆಳುವಾಗುತ್ತದೆ. ಸುಳ್ಳು ಭರವಸೆ ಕೊಡಲಾರೆ. ಆಗ ಮನೆಗಿಂತ ನಿಮ್ಮ ದುಡ್ಡಿನ ಹಿಂದೆ ಬೀಳುವುದು ಲೇಸು. ಸಾಲ ಮುಚ್ಚಿಟ್ಟು ಲೀಸಿಗೆ ಕೊಟ್ಟಿದ್ದರೆ ಅದು ವಂಚನೆ, ಪೊಲೀಸ್ ದೂರಿಗೆ ಜಾಗ ಇದೆ.

ಇನ್ನೂ ಲೀಸ್ ಮಾಡದವರಿಗೆ ಒಂದು ಮಾತು. ದುಡ್ಡು ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ ತೆಗೆಸಿ. ಅಷ್ಟೇ ಸಾಲದು, ಪತ್ರ ಅಡ ಇಟ್ಟ ಸಾಲ ಎಲ್ಲ ಸಲ ಇಸಿಯಲ್ಲಿ ಕಾಣುವುದಿಲ್ಲ, ಅಡಮಾನ ಸಾಲಗಳನ್ನು ದಾಖಲಿಸುವ ಸೆರ್ಸಾಯ್ ಜಾಲತಾಣದಲ್ಲೂ ಹುಡುಕಿಸಿ. ಒಂದು ವರ್ಷ ದಾಟುವ ಕರಾರನ್ನು ಸಬ್ ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಲೇಬೇಕು. "ಯಾಕೆ ಸುಮ್ನೆ ಖರ್ಚು" ಅನ್ನುವ ಓನರ್ ಸಿಕ್ಕರೆ ಬೇರೆ ಮನೆ ನೋಡಿ.

ಸ್ವಂತ ಮನೆ ಸಾಲದಲ್ಲಿದ್ದವರಿಗೂ ಇದೇ ಕಾಯ್ದೆ. 90 ದಿನ ಕಂತು ನಿಂತರೆ ಖಾತೆ ಕೆಟ್ಟ ಸಾಲವಾಗುತ್ತದೆ, ಆಮೇಲೆ 60 ದಿನದ ನೋಟಿಸ್ ಬರುತ್ತದೆ. ಆ 60 ದಿನ ನಿಮ್ಮದು. ನೋಟಿಸಿಗೆ ಬರವಣಿಗೆಯಲ್ಲಿ ಉತ್ತರ ಕೊಡಿ, ಬ್ಯಾಂಕ್ 15 ದಿನದಲ್ಲಿ ಕಾರಣ ಸಮೇತ ಮರುಉತ್ತರ ಕೊಡಬೇಕು. ಮೈಕ್ರೋಫೈನಾನ್ಸ್‌ನವರದ್ದು ಬೇರೆ ಕಥೆ. 2025ರ ಆರಂಭದಲ್ಲಿ ಎಷ್ಟೋ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಆಗ ಬಂದ ರಾಜ್ಯದ ಕಾನೂನಿನ ಪ್ರಕಾರ ಹೆದರಿಸಿ ಬೆದರಿಸಿ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಮನೆ ಮುಂದೆ ಬಂದು ಕೂರುವವರ ಹೆಸರು, ವಿಡಿಯೋ ಇಟ್ಟುಕೊಂಡು ಠಾಣೆಗೆ ಹೋಗಿ. ಊರು ಬಿಡಬೇಡಿ. ಊರು ಬಿಟ್ಟರೆ ರೇಷನ್, ಮಕ್ಕಳ ಶಾಲೆ, ಗ್ರಾಮ ಸಭೆಯ ಪಟ್ಟಿಯಲ್ಲಿರುವ ಹೆಸರು ಎಲ್ಲಕ್ಕೂ ಪೆಟ್ಟು.

ಇವತ್ತು ರಾತ್ರಿಗೆ ಜಾಗ ಬೇಕಾದರೆ

ನಗರಗಳಲ್ಲಿ ವಸತಿರಹಿತರಿಗೆ ಆಶ್ರಯ ಕೇಂದ್ರಗಳಿವೆ, ರಾತ್ರಿ ತಂಗುದಾಣ ಅಂತಲೂ ಕರೆಯುತ್ತಾರೆ. ಕೇಂದ್ರದ ನಗರ ಜೀವನೋಪಾಯ ಮಿಷನ್ ಅಡಿಯಲ್ಲಿ ಬಂದಂಥವು, ಅದರ ಹಿಂದೆ 2010ರಿಂದ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳ ಒತ್ತಡವೂ ಇದೆ. ಮಾರ್ಗಸೂಚಿ ಪ್ರಕಾರ ಪ್ರತಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಜಾಗ ಇರಬೇಕು, ಒಬ್ಬರಿಗೆ 50 ಚದರ ಅಡಿ, ದಿನದ 24 ಗಂಟೆ ತೆರೆದಿರಬೇಕು, ಹಾಸಿಗೆ ಹೊದಿಕೆ, ನೀರು, ಸ್ನಾನ, ಶೌಚ, ಅಡುಗೆಗೆ ಜಾಗ. ನಿಜದಲ್ಲಿ ಎಲ್ಲ ಊರಲ್ಲೂ ಅಷ್ಟಿಲ್ಲ. ಗಂಡಸರಿಗೆ ಇರುವಷ್ಟು ಹೆಂಗಸರಿಗೆ ಇಲ್ಲ, ಕುಟುಂಬ ಪೂರ್ತಿ ಒಟ್ಟಿಗೆ ಇರಬಹುದಾದ ಕೇಂದ್ರ ಇನ್ನೂ ಕಡಿಮೆ. ಅದಕ್ಕೆ ಸಾಮಾನು ಹೊತ್ತುಕೊಂಡು ಹೋಗುವ ಮೊದಲು ಕೇಳಿಕೊಳ್ಳಿ.

ಯಾರನ್ನು ಕೇಳುವುದು? ಪುರಸಭೆ, ನಗರಸಭೆ, ಪಾಲಿಕೆ, ಯಾವುದಿದೆಯೋ ಅಲ್ಲಿ ಬಡತನ ನಿರ್ಮೂಲನೆಯ ಅಥವಾ ಕಲ್ಯಾಣ ವಿಭಾಗ ಅಂತ ಕೇಳಿ. ಬೆಂಗಳೂರಿನವರು ನೆನಪಿಡಿ, 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಐದು ಪಾಲಿಕೆಗಳಾಗಿವೆ, ನಿಮ್ಮ ಏರಿಯಾ ಯಾವುದಕ್ಕೆ ಬರುತ್ತದೆ ಅಂತ ಮೊದಲು ನೋಡಿಕೊಳ್ಳಿ. ತೀರಾ ರಾತ್ರಿ ಆಗಿಹೋಗಿದ್ದರೆ 112.

ಕೇಂದ್ರದಲ್ಲಿ ರಿಜಿಸ್ಟರಲ್ಲಿ ಹೆಸರು, ಊರು, ವಯಸ್ಸು ಬರೆಸಿಕೊಳ್ಳುತ್ತಾರೆ. ಗುರುತಿನ ಚೀಟಿ ಇದ್ದರೆ ತೋರಿಸಿ, ಇಲ್ಲ ಅನ್ನುವ ಕಾರಣಕ್ಕೆ ವಾಪಸ್ ಬರಬೇಡಿ, ಚೀಟಿ ಇಲ್ಲದವರಿಗೆ ಚೀಟಿ ಮಾಡಿಸಿಕೊಡುವುದೂ ಆ ಕೇಂದ್ರದ ಕೆಲಸವೇ. ಪಿಂಚಣಿ, ಬ್ಯಾಂಕ್ ಖಾತೆ, ಮಕ್ಕಳಿಗೆ ಅಂಗನವಾಡಿ, ಸರ್ಕಾರಿ ಶಾಲೆ ಎಲ್ಲವನ್ನೂ ಅಲ್ಲಿಂದಲೇ ಜೋಡಿಸಿಕೊಡಬೇಕು ಅಂತ ಮಾರ್ಗಸೂಚಿಯಲ್ಲೇ ಇದೆ. ಬಾಯಿ ಬಿಟ್ಟು ಕೇಳಿ. ಕೇಳದಿದ್ದರೆ ಹಾಸಿಗೆ ಮಾತ್ರ ಸಿಗುತ್ತದೆ.

ಇಲ್ಲೊಂದು ಗೊಂದಲ ಇದೆ. ನಿರಾಶ್ರಿತರ ಪರಿಹಾರ ಕೇಂದ್ರ ಅಂತ ಇನ್ನೊಂದಿದೆ, ಬೆಂಗಳೂರಲ್ಲಿ ಮಾಗಡಿ ರಸ್ತೆಯಲ್ಲಿರುವುದು ದೊಡ್ಡದು. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿಯದ್ದು, ಭಿಕ್ಷೆ ಬೇಡುತ್ತಿದ್ದವರನ್ನು ಹಿಡಿದು ತಂದು ಇಡುವ ಜಾಗ. ಆಸ್ತಿ ತೆರಿಗೆ ರಸೀದಿಯಲ್ಲಿ ಭಿಕ್ಷುಕರ ಕರ ಅಂತ 3% ಇರುತ್ತದಲ್ಲ, ಆ ದುಡ್ಡು ಅದಕ್ಕೇ. ರಾತ್ರಿ ತಂಗುದಾಣಕ್ಕೆ ನೀವಾಗಿ ಹೋಗಿ ನೀವಾಗಿ ಬರಬಹುದು, ಅಲ್ಲಿಂದ ಹಾಗೆ ಎದ್ದು ಬರಲಾಗುವುದಿಲ್ಲ. ಬಾಡಿಗೆ ಕಟ್ಟಲಾಗದೆ ಹೊರಬಿದ್ದ ಕೂಲಿಯವರು ತಿಳಿಯದೆ ಅಲ್ಲಿಗೆ ಹೋಗಬೇಕಿಲ್ಲ.

ಹೆಂಗಸರು, ಹಿರಿಯರು, ಮಕ್ಕಳು

ಗಂಡನ ಮನೆಯಿಂದ ಹೊರಗೆ ಹಾಕಿದ್ದರೆ ಅಥವಾ ಹೊಡೆತ ತಾಳಲಾರದೆ ಹೊರಬಂದಿದ್ದರೆ 181ಕ್ಕೆ ಫೋನ್ ಮಾಡಿ. ಪ್ರತಿ ಜಿಲ್ಲೆಯಲ್ಲಿ ಸಖಿ ಒನ್ ಸ್ಟಾಪ್ ಕೇಂದ್ರ ಇದೆ. ಅಲ್ಲಿ 5 ದಿನದವರೆಗೆ ಉಳಿಯಬಹುದು, ವೈದ್ಯರು, ಪೊಲೀಸ್, ವಕೀಲರು ಎಲ್ಲರನ್ನೂ ಅವರೇ ಕರೆಸುತ್ತಾರೆ. ಅದಕ್ಕಿಂತ ಜಾಸ್ತಿ ದಿನ ಬೇಕಾದರೆ ಸ್ವಾಧಾರ ಗೃಹ, ಈಗ ಅದರ ಹೆಸರು ಶಕ್ತಿ ಸದನ. ಮಕ್ಕಳು ಜೊತೆಗಿದ್ದರೆ ಎಷ್ಟು ವಯಸ್ಸಿನವರೆಗೆ ಗಂಡು ಮಗುವನ್ನು ಒಳಗೆ ಬಿಡುತ್ತಾರೆ ಅಂತ ಫೋನಲ್ಲೇ ಕೇಳಿ. ಇದನ್ನು ಮೊದಲೇ ಯಾರೂ ಹೇಳುವುದಿಲ್ಲ, ಬಾಗಿಲಲ್ಲಿ ನಿಂತಾಗ ಗೊತ್ತಾದರೆ ಕಷ್ಟ.

ಆದರೆ ಹೊರಗೆ ಬಂದವರೆಲ್ಲ ಹೊರಗೇ ಇರಬೇಕು ಅಂತ ಯಾರು ಹೇಳಿದ್ದು? 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಮನೆ ನಿಮ್ಮ ಹೆಸರಲ್ಲಿ ಇರಲಿ ಇಲ್ಲದಿರಲಿ, ನೀವು ಬಾಳಿದ ಮನೆಯಲ್ಲಿ ಇರುವ ಹಕ್ಕು ನಿಮಗಿದೆ. ಅತ್ತೆ ಮಾವನ ಹೆಸರಲ್ಲಿರುವ ಮನೆಗೂ ಇದು ಸಲ್ಲಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 19ನೇ ಸೆಕ್ಷನ್ನಿನಲ್ಲಿ ಮ್ಯಾಜಿಸ್ಟ್ರೇಟ್, ಹೆಂಡತಿಗೆ ಬೇರೆ ಮನೆ ಮಾಡಿಕೊಡು ಅಥವಾ ಅದರ ಬಾಡಿಗೆ ಕಟ್ಟು ಅಂತ ಗಂಡನಿಗೆ ಆದೇಶ ಮಾಡಬಹುದು. ನಮ್ಮ ರಾಜ್ಯದಲ್ಲಿ ಇದರ ರಕ್ಷಣಾಧಿಕಾರಿ ಅಂದರೆ ತಾಲೂಕಿನ ಸಿಡಿಪಿಒ, ಅಂಗನವಾಡಿಗಳನ್ನು ನೋಡಿಕೊಳ್ಳುವವರು. ನಿಮ್ಮ ಬೀದಿಯ ಅಂಗನವಾಡಿ ಟೀಚರ್ ಹತ್ತಿರ ಅವರ ನಂಬರ್ ಇರುತ್ತದೆ.

ಮಕ್ಕಳು ಮನೆಯಿಂದ ತಳ್ಳಿದ ಅಪ್ಪ ಅಮ್ಮಂದಿರಿಗೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿ, ಅಂದರೆ ಎಸಿ ಆಫೀಸಿಗೆ ಅರ್ಜಿ, ವಕೀಲರೇ ಬೇಡ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಆದೇಶಿಸಬಹುದು. "ನೋಡಿಕೊಳ್ಳುತ್ತಾನೆ" ಅನ್ನುವ ಷರತ್ತಿನ ಮೇಲೆ ಮನೆ ದಾನಪತ್ರ ಮಾಡಿ ಆಮೇಲೆ ಬೀದಿಗೆ ಬಿದ್ದಿದ್ದರೆ, 23ನೇ ಸೆಕ್ಷನ್ನಿನಲ್ಲಿ ಆ ಪತ್ರವನ್ನೇ ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲಿ ಬರೆದಿದ್ದರೆ ಕೆಲಸ ಸುಲಭ, ಹಾಗಾಗಿ ಇನ್ನೂ ಬರೆದುಕೊಡದವರು ಅದನ್ನು ಬರೆಸದೆ ಸಹಿ ಹಾಕಬೇಡಿ. ಹಿರಿಯರ ಸಹಾಯವಾಣಿ 14567, ಮಕ್ಕಳದ್ದು 1098.

ಹಾಸ್ಟೆಲ್ ಸಿಗದೆ ರೂಮ್ ಬಾಡಿಗೆ ಕಟ್ಟಲಾಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ ಇಷ್ಟು ಅಂತ 10 ತಿಂಗಳು ದುಡ್ಡು. ಮಳೆಗೆ, ಹೊಳೆಗೆ ಮನೆ ಬಿದ್ದವರು ಕಾಳಜಿ ಕೇಂದ್ರಕ್ಕೆ (ಸರ್ಕಾರದ ಪರಿಹಾರ ಶಿಬಿರ) ಹೋಗುವ ಮೊದಲು ಬಿದ್ದ ಮನೆಯ ಫೋಟೋ ನಾಲ್ಕೂ ಕಡೆಯಿಂದ ತೆಗೆದಿಟ್ಟುಕೊಳ್ಳಿ. ಗ್ರಾಮ ಆಡಳಿತ ಅಧಿಕಾರಿ ಬಂದು ಹಾನಿಯನ್ನು ಯಾವ ವರ್ಗಕ್ಕೆ ಹಾಕುತ್ತಾರೆ ಅನ್ನುವುದರ ಮೇಲೆ ಪರಿಹಾರ ನಿಂತಿದೆ, ಅವರು ಬರುವ ಮೊದಲೇ ಮಣ್ಣು ಎತ್ತಿ ಚೊಕ್ಕ ಮಾಡಿಬಿಟ್ಟರೆ ಪೂರ್ತಿ ಬಿದ್ದದ್ದು ಅರ್ಧ ಬಿದ್ದದ್ದಾಗಿಬಿಡುತ್ತದೆ.

ವಿಳಾಸ ಕಳೆದುಕೊಳ್ಳಬೇಡಿ

ಮನೆ ಹೋದಾಗ ಜೊತೆಗೆ ಸದ್ದಿಲ್ಲದೆ ಹೋಗುವುದು ವಿಳಾಸ. ಅದು ಹೋದರೆ ಮುಂದಿನ ಎಲ್ಲ ಯೋಜನೆಗೂ ಕೊಕ್ಕೆ ಬೀಳುತ್ತದೆ. ಹೊರಡುವ ಮೊದಲು ಆಧಾರ್, ರೇಷನ್ ಕಾರ್ಡ್, ಜಾತಿ ಆದಾಯ ಪತ್ರ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪತ್ರ, ಟಿಸಿ ಎಲ್ಲದರ ಫೋಟೋ ತೆಗೆದು ನಂಬಿಕಸ್ಥರೊಬ್ಬರ ವಾಟ್ಸಾಪಿಗೆ ಕಳಿಸಿ, ಡಿಜಿಲಾಕರ್‌ನಲ್ಲೂ ಹಾಕಿ. ಮೊಬೈಲ್ ನಂಬರ್ ಮಾತ್ರ ಯಾವ ಕಾರಣಕ್ಕೂ ಬದಲಾಯಿಸಬೇಡಿ. ಒಟಿಪಿ ಬರುವುದು ಅದಕ್ಕೇ.

ಆಧಾರ್‌ಗೆ ವಿಳಾಸದ ದಾಖಲೆ ಇಲ್ಲದಿದ್ದರೆ, ಮಾನ್ಯತೆ ಇರುವ ಆಶ್ರಯ ಕೇಂದ್ರದ ಮೇಲ್ವಿಚಾರಕರು ಅಥವಾ ಗೆಜೆಟೆಡ್ ಅಧಿಕಾರಿ ನಿಗದಿತ ನಮೂನೆಯಲ್ಲಿ ಸಹಿ ಹಾಕಿಕೊಟ್ಟರೆ ಸಾಕು. ಆ ಪತ್ರಕ್ಕೆ 3 ತಿಂಗಳು ಮಾತ್ರ ಆಯಸ್ಸು. ಸಂಬಂಧಿಕರ ಮನೆಯಲ್ಲಿದ್ದರೆ ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇಲೂ ವಿಳಾಸ ಬದಲಾಯಿಸಬಹುದು.

ವೋಟರ್ ಐಡಿಗಂತೂ ಮನೆಯೇ ಬೇಕಿಲ್ಲ. ನಮೂನೆ 6ರಲ್ಲಿ ನೀವು ಮಲಗುವ ಜಾಗವನ್ನೇ ಬರೆಯಿರಿ, ಬಸ್ ನಿಲ್ದಾಣದ ಪಕ್ಕದ ಕಟ್ಟೆ ಆದರೂ ಸರಿ. ಬಿಎಲ್‌ಒ (ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವವರು) ರಾತ್ರಿ ಹೊತ್ತು ಅಲ್ಲಿಗೇ ಬಂದು, ಒಂದಕ್ಕಿಂತ ಹೆಚ್ಚು ರಾತ್ರಿ, ನೀವು ನಿಜಕ್ಕೂ ಅಲ್ಲಿ ಮಲಗುತ್ತೀರಾ ಅಂತ ನೋಡಬೇಕು. ನೋಡಿ ಖಚಿತಪಡಿಸಿದರೆ ವಿಳಾಸದ ದಾಖಲೆ ಕೇಳುವಂತಿಲ್ಲ. ಚುನಾವಣಾ ಆಯೋಗದ್ದೇ ನಿಯಮ ಇದು. ಟಾರ್ಪಾಲು ಕಟ್ಟಿಕೊಂಡು ವರ್ಷಗಟ್ಟಲೆ ಒಂದೇ ಕಡೆ ಇರುವ ಕುಟುಂಬಗಳಿಗೆ ಇದರಷ್ಟು ಉಪಯೋಗದ ಕಾಗದ ಇನ್ನೊಂದಿಲ್ಲ, ಆದರೆ ಅವರಿಗೆ ಇದನ್ನು ಹೇಳುವವರೇ ಕಡಿಮೆ.

ಖಾಲಿ ಮಾಡಿದ ಮನೆಯ ಮೀಟರಿಗೆ ಗೃಹಜ್ಯೋತಿಗೆ ಅಂತ ನಿಮ್ಮ ಆಧಾರ್ ಜೋಡಿಸಿದ್ದರೆ ಅದನ್ನು ಬಿಡಿಸಿಕೊಳ್ಳಿ, ಸೇವಾಸಿಂಧುವಿನಲ್ಲಿ ಅದಕ್ಕೆ ಆಯ್ಕೆ ಇದೆ. ಇಲ್ಲದಿದ್ದರೆ ಹೊಸ ಮನೆಯಲ್ಲಿ ಸೌಲಭ್ಯ ಸಿಗುವುದಿಲ್ಲ. ರೇಷನ್ ಬೇರೆ ಊರಿನ ಅಂಗಡಿಯಲ್ಲೂ ತೆಗೆದುಕೊಳ್ಳಬಹುದು, ಅದಕ್ಕಾಗಿ ಕಾರ್ಡ್ ರದ್ದು ಮಾಡಿಸುವ ಅಗತ್ಯ ಇಲ್ಲ.

ಸರ್ಕಾರಿ ಜಾಗದಲ್ಲಿ ಗುಡಿಸಲು, ಮನೆ ಇದ್ದವರು

ಹಳ್ಳಿಯಲ್ಲಿ ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ, ಪಟ್ಟಣದಲ್ಲಿ 94ಸಿಸಿ ಅಡಿಯಲ್ಲಿ ಸಕ್ರಮ ಮಾಡಿಸಿಕೊಳ್ಳುವ ಅವಕಾಶ ಬಂದಿದೆ. ತಹಶೀಲ್ದಾರ್ ಕಚೇರಿಯ ಕೆಲಸ. ಅಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ, ಹಿಂದೆ ಕೊಟ್ಟಿದ್ದು ಏನಾಯಿತು ಅಂತ ವಿಚಾರಿಸಿ. ಸ್ಲಂನಲ್ಲಿ ಇರುವವರು ಮೊದಲು ತಿಳಿದುಕೊಳ್ಳಬೇಕಾದ್ದು, ನಿಮ್ಮ ಸ್ಲಂ ಘೋಷಿತವಾ ಅಲ್ಲವಾ ಅಂತ. 1973ರ ಕಾಯ್ದೆಯಲ್ಲಿ ಘೋಷಣೆ ಆಗಿದ್ದರೆ ಕೊಳಗೇರಿ ಅಭಿವೃದ್ಧಿ ಮಂಡಳಿ ನಿಮ್ಮ ಹಿಂದೆ ಇರುತ್ತದೆ, ಹಕ್ಕುಪತ್ರ, ಮನೆ ಎರಡಕ್ಕೂ ದಾರಿ ಇದೆ. ಆಗಿಲ್ಲದಿದ್ದರೆ ಘೋಷಣೆಗೆ ಅರ್ಜಿ ಕೊಡುವುದೇ ಮೊದಲ ಹೆಜ್ಜೆ, ಅದನ್ನು ಒಬ್ಬೊಬ್ಬರೇ ಮಾಡುವುದಕ್ಕಿಂತ ಬೀದಿಯವರೆಲ್ಲ ಸೇರಿ ಮಾಡಿ.

ಜೆಸಿಬಿ ಬರುತ್ತದೆ ಅಂತ ಸುದ್ದಿ ಇದ್ದರೆ, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನೆನಪಿಡಿ. 15 ದಿನ ಮೊದಲು ನೋಟಿಸ್ ಕೊಡದೆ ಕೆಡವುವಂತಿಲ್ಲ. ಆದರೆ ರಸ್ತೆ, ಫುಟ್‌ಪಾತ್, ರೈಲ್ವೆ ಹಳಿ ಪಕ್ಕ, ಕೆರೆ ಹೊಳೆಯಂಥ ಜಾಗಕ್ಕೆ ಆ ರಕ್ಷಣೆ ಇಲ್ಲ, ಕೋರ್ಟೇ ಅದನ್ನು ಬಿಟ್ಟು ಹೇಳಿದೆ.

ಸ್ವಂತ ಸೂರಿಗೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಮಾಡಿ ಕಾಲೂರಲು ನೆಲ ಸಿಕ್ಕ ಮೇಲೆ ಈ ಸಾಲಿನಲ್ಲಿ ನಿಲ್ಲಿ. ಹಳ್ಳಿಯವರಿಗೆ ಬಸವ ವಸತಿ, ಪರಿಶಿಷ್ಟರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ಕೇಂದ್ರದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ. ಕೇಂದ್ರದ್ದರಲ್ಲಿ ಗುಡ್ಡಗಾಡಲ್ಲದ ಪ್ರದೇಶದಲ್ಲಿ ಮನೆಗೆ 1.2 ಲಕ್ಷ. ರಾಜ್ಯದ್ದನ್ನು ನೋಡಿಕೊಳ್ಳುವುದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಆಯ್ಕೆ ಆಗುವುದು ಗ್ರಾಮ ಸಭೆಯಲ್ಲಿ, ನಿಗಮದ ಕಂಪ್ಯೂಟರಿನಲ್ಲಿ ಅಲ್ಲ. ಹಾಗಾಗಿ ಬೆಂಗಳೂರಲ್ಲಿ ಕೂಲಿ ಮಾಡುತ್ತಿದ್ದರೂ ಗ್ರಾಮ ಸಭೆಯ ದಿನ ಊರಿಗೆ ಹೋಗಿ, ಎದ್ದು ನಿಂತು ಹೆಸರು ಹೇಳಿ, ನಡವಳಿ ಪುಸ್ತಕದಲ್ಲಿ ಹೆಸರು ಬರೆದರಾ ಅಂತ ಕಣ್ಣಾರೆ ನೋಡಿ ಬನ್ನಿ. ಪಟ್ಟಿ ಎರಡಿರುತ್ತದೆ. ಸೈಟ್ ಇದೆ ಮನೆ ಇಲ್ಲ ಅನ್ನುವವರು ವಸತಿರಹಿತರ ಪಟ್ಟಿಯಲ್ಲಿ, ಸೈಟೇ ಇಲ್ಲ ಅನ್ನುವವರು ನಿವೇಶನರಹಿತರ ಪಟ್ಟಿಯಲ್ಲಿ. ಸೈಟ್ ಇಲ್ಲದವರು ಮೊದಲ ಪಟ್ಟಿಗೆ ಹೆಸರು ಕೊಟ್ಟು ಕಾಯುತ್ತಾ ಕೂತರೆ ಪ್ರಯೋಜನ ಇಲ್ಲ.

ವಿಧವೆಯರು, ಅಂಗವಿಕಲರು, ಪೌರಕಾರ್ಮಿಕರು, ಅಲೆಮಾರಿಗಳು, ಮಾಜಿ ದೇವದಾಸಿಯರು, ಲಿಂಗತ್ವ ಅಲ್ಪಸಂಖ್ಯಾತರು ಇಂಥವರಿಗೆ ದೇವರಾಜ ಅರಸು ವಸತಿ ಯೋಜನೆ ಅಂತ ಬೇರೆಯೇ ಇದೆ, ಆಯ್ಕೆ ಜಿಲ್ಲಾ ಮಟ್ಟದ ಸಮಿತಿಯಲ್ಲಿ. ಗ್ರಾಮ ಸಭೆಯಲ್ಲಿ ಮಾತೇ ನಡೆಯದವರಿಗೆ ಈ ದಾರಿ ಒಳ್ಳೆಯದು. ಮನೆ ಸಾಮಾನ್ಯವಾಗಿ ಹೆಂಗಸಿನ ಹೆಸರಿಗೇ ಮಂಜೂರಾಗುತ್ತದೆ, ಅರ್ಜಿಯೂ ಅವರ ಹೆಸರಲ್ಲೇ ಇರಲಿ.

ಪಟ್ಟಣದಲ್ಲಿ ರಾಜ್ಯದ ಯೋಜನೆಗೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಆರಿಸುತ್ತದೆ. ಕೇಂದ್ರದ ಆವಾಸ್ ನಗರ 2.0 ಯೋಜನೆ 2024ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇದ್ದರೆ ಮೊದಲ ವರ್ಗ, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಹಿಂದಿನ 20 ವರ್ಷದಲ್ಲಿ ಯಾವ ಸರ್ಕಾರಿ ವಸತಿ ಯೋಜನೆಯ ಮನೆಯನ್ನೂ ಪಡೆದಿರಬಾರದು. ಇದರಲ್ಲಿ ಕೈಗೆಟುಕುವ ಬಾಡಿಗೆ ಮನೆ ಅನ್ನುವ ಭಾಗವೂ ಇದೆ, ವಲಸೆ ಕಾರ್ಮಿಕರಿಗೆ, ದುಡಿಯುವ ಹೆಂಗಸರಿಗೆ ಅಂತ. ಕಾಗದದ ಮೇಲೆ ಚೆನ್ನಾಗಿದೆ. ನಿಮ್ಮ ಊರಲ್ಲಿ ಅಂಥ ಕಟ್ಟಡ ನಿಂತಿದೆಯಾ ಅಂತ ಕೇಳಿಕೊಂಡೇ ಆಸೆ ಇಟ್ಟುಕೊಳ್ಳಿ.

ಇನ್ನು ಬ್ರೋಕರ್‌ಗಳು. "20 ಸಾವಿರ ಕೊಡಿ, ಲಿಸ್ಟಲ್ಲಿ ಹೆಸರು ಬರೋ ಹಾಗೆ ಮಾಡ್ತೀನಿ" ಅನ್ನುವವರು ಪಂಚಾಯಿತಿ ಆಫೀಸಿನ ಹೊರಗೇ ಸಿಗುತ್ತಾರೆ. ದುಡ್ಡು ಬಿಡುಗಡೆ ಆಗುವುದು ತಳಪಾಯ, ಲಿಂಟಲ್, ಚಾವಣಿ ಹೀಗೆ ಹಂತ ಹಂತವಾಗಿ, ಪ್ರತಿ ಹಂತದ ಜಿಪಿಎಸ್ ಫೋಟೋ ನೋಡಿ, ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ. ನಡುವಿನವರಿಗೆ ಅಲ್ಲಿ ಮಾಡಲು ಏನೂ ಇಲ್ಲ. ಫೋಟೋ ತೆಗೆಯಲು ಪಂಚಾಯಿತಿಯವರು ಬರುತ್ತಿಲ್ಲ ಅಂದರೆ, ಕಂತು ನಿಂತಿದ್ದರೆ, ಅರ್ಜಿ ಎಲ್ಲಿದೆ ಅಂತ ಯಾರೂ ಹೇಳುತ್ತಿಲ್ಲ ಅಂದರೆ ರಾಜ್ಯ ಸರ್ಕಾರದ ದೂರು ವ್ಯವಸ್ಥೆ ಜನಸ್ಪಂದನದ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಕಚೇರಿಗೆ ಹೋದಾಗ ಬಾಯಿಗಿಂತ ಮೊದಲು ಆ ಸಂಖ್ಯೆ ಬರೆದ ಚೀಟಿಯನ್ನು ಟೇಬಲ್ ಮೇಲೆ ಇಡಿ, ಪಿಡಿಒ ಆಗಲಿ ಗುಮಾಸ್ತರಾಗಲಿ ಆಮೇಲೆ ಕಡತ ಹುಡುಕುತ್ತಾರೆ.